ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ 13,990 ಕಿ.ಮೀ. ಎನ್ನುತ್ತಾರೆ, ಹಾಗಿದ್ದರೆ ಹೋಗುವ ಹೊತ್ತಿಗೂ ಬರುವ ಹೊತ್ತಿಗೂ ಇಷ್ಟು ವ್ಯತ್ಯಾಸವೇಕೆ?

ಹೇಮಾವತಿ_ತೀರ

ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿರುವ ನನ್ನ ತಂದೆ ತಾಯಿ ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಸನ್ನಿವೇಲ್‌ನಲ್ಲಿರುವ ತಂಗಿಯ ಮನೆಗೆ ಹೊರಟಿದ್ದಾರೆ. ತಂದೆಯವರು ನಿವೃತ್ತ ಗಣಿತ ಅಧ್ಯಾಪಕರಾದ್ದರಿಂದ ಟಿಕೆಟ್ ಕೊಳ್ಳುವ ಮೊದಲೇ ಲೆಕ್ಕ ಶುರುವಾಗಿದೆ. ಎರಡು ಊರುಗಳ ನಡುವಿನ ದೂರ ಸುಮಾರು 13,990 ಕಿ.ಮೀ. ಎಂದು ಎಲ್ಲ ಕಡೆಯೂ ಬರೆದಿದೆ. ದೊಡ್ಡ ವಿಮಾನದ ವೇಗ ಗಂಟೆಗೆ ಸುಮಾರು 900 ಕಿ.ಮೀ. ಎಂದಿಟ್ಟುಕೊಂಡರೆ ಹದಿನೈದೂವರೆ ಗಂಟೆ ಸಾಕು. ಆದರೆ ನೇರ ವಿಮಾನದ ಹಳೆಯ ವೇಳಾಪಟ್ಟಿಯಲ್ಲಿ ಹೋಗುವುದಕ್ಕೆ 16 ಗಂಟೆ, ಬರುವುದಕ್ಕೆ ಹದಿನೇಳು ಮುಕ್ಕಾಲು ಗಂಟೆ ಎಂದು ಕಾಣಿಸುತ್ತದೆ. ಮತ್ತೊಂದು ಸುದ್ದಿಯಲ್ಲಿ ದೂರವೇ 16,000 ಕಿ.ಮೀ. ಎಂದಿದೆ. ಇವುಗಳಲ್ಲಿ ಯಾವುದು ಸರಿ, ವ್ಯತ್ಯಾಸ ಎಲ್ಲಿಂದ ಬಂತು ಎಂದು ತಿಳಿದವರು ವಿವರಿಸಬೇಕಾಗಿ ವಿನಂತಿ.

ಗೋಳದ_ಮೇಲೆ_ದಾರ

ನಿಮ್ಮ ತಂದೆಯವರ ಭಾಗಾಕಾರ ಸರಿಯಾಗಿಯೇ ಇದೆ. ತಕರಾರಿರುವುದು ಭಾಗಿಸಲು ತೆಗೆದುಕೊಂಡ ಎರಡು ಸಂಖ್ಯೆಗಳಲ್ಲಿ, ಅದರಲ್ಲಿ ಮೊದಲನೆಯದನ್ನು ನಾನು ನೋಡುತ್ತೇನೆ.

13,990 ಕಿ.ಮೀ. ಎಂಬುದು ಭೂಗೋಳದ ಮೇಲ್ಮೈಯಲ್ಲಿ ಎರಡು ಬಿಂದುಗಳನ್ನು ಸೇರಿಸುವ ಅತಿ ಚಿಕ್ಕ ಗೆರೆಯ ಉದ್ದ. ದೇವನಹಳ್ಳಿಯ ವಿಮಾನ ನಿಲ್ದಾಣ ಸುಮಾರು 13.2 ಡಿಗ್ರಿ ಉತ್ತರ ಅಕ್ಷಾಂಶ, 77.7 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ಸ್ಯಾನ್ ಫ್ರಾನ್ಸಿಸ್ಕೋ ನಿಲ್ದಾಣ 37.6 ಡಿಗ್ರಿ ಉತ್ತರ, 122.4 ಡಿಗ್ರಿ ಪಶ್ಚಿಮದಲ್ಲಿದೆ. ರೇಖಾಂಶಗಳ ಅಂತರ ಪೂರ್ವಾಭಿಮುಖವಾಗಿ ಎಣಿಸಿದರೆ 160 ಡಿಗ್ರಿ, ಅಂದರೆ ಎರಡೂ ಊರುಗಳು ಭೂಮಿಯ ಬಹುಮಟ್ಟಿಗೆ ಎದುರುಬದುರು ಪಕ್ಕಗಳಲ್ಲಿವೆ. ತ್ರಿಕೋನಮಿತಿ ಬಲ್ಲ ನಿಮ್ಮ ತಂದೆಯವರು ಗೋಳೀಯ ಕೊಸೈನ್ ಸೂತ್ರ ಹಾಕಿದರೆ ಭೂಮಿಯ ಕೇಂದ್ರದಲ್ಲಿ ಎರಡು ಊರುಗಳ ನಡುವಿನ ಕೋನ 125.8 ಡಿಗ್ರಿ ಬರುತ್ತದೆ. ಒಂದು ಡಿಗ್ರಿಗೆ 111.2 ಕಿ.ಮೀ. ಎಂದು ಗುಣಿಸಿದರೆ ಎಲ್ಲರೂ ಹೇಳುವ ಆ ಸಂಖ್ಯೆಯೇ ಸಿಗುತ್ತದೆ.

ಗೋಡೆಯ ಮೇಲಿನ ಭೂಪಟದಲ್ಲಿ ಸ್ಕೇಲ್ ಇಟ್ಟು ನೋಡಿದರೆ ಈ ದಾರಿ ಕಾಣುವುದಿಲ್ಲ. ಮನೆಯಲ್ಲಿ ಮಕ್ಕಳ ಗ್ಲೋಬ್ ಇದ್ದರೆ ಎರಡು ಊರುಗಳ ನಡುವೆ ಒಂದು ದಾರವನ್ನು ಬಿಗಿಯಾಗಿ ಎಳೆದು ಹಿಡಿಯಿರಿ. ದಾರವು ಬೆಂಗಳೂರಿನಿಂದ ಉತ್ತರಕ್ಕೆ, ತುಸು ಪೂರ್ವಕ್ಕೆ ವಾಲಿಕೊಂಡು ನೇಪಾಳ, ಟಿಬೆಟ್, ಮಂಗೋಲಿಯದ ಕಡೆಗೆ ಏರಿ, ಪೂರ್ವ ಸೈಬೀರಿಯದ ತುದಿಯಲ್ಲಿ ಸುಮಾರು 71 ಡಿಗ್ರಿ ಅಕ್ಷಾಂಶವನ್ನು ಮುಟ್ಟಿ, ಅಲಾಸ್ಕದ ಮಗ್ಗುಲಿನಿಂದ ಕ್ಯಾಲಿಫೋರ್ನಿಯಕ್ಕೆ ಇಳಿಯುತ್ತದೆ. ಅಮೆರಿಕ ಪಶ್ಚಿಮದಲ್ಲಿದೆ ಎಂದು ಶಾಲೆಯಲ್ಲಿ ಕಲಿತವರಿಗೆ ಇದು ವಿಚಿತ್ರವೆನಿಸಬಹುದು, ಆದರೆ ಗೋಳದ ಮೇಲೆ ಇದೇ ನೇರ ದಾರಿ.

ದೇವನಹಳ್ಳಿ_ಬೇಲಿ_ಬದಿ

ಮೇಲಿನವರು ದಾರ ಹಿಡಿದು ತೋರಿಸಿದ ಗೆರೆಯ ಮೇಲೆ ಯಾವ ವಿಮಾನವೂ ಹಾಗೆಯೇ ಹಾರುವುದಿಲ್ಲ ಎಂಬುದನ್ನು ಸೇರಿಸುತ್ತೇನೆ.

ಮೊದಲ ಅಡ್ಡಿ ಟಿಬೆಟ್ ಪ್ರಸ್ಥಭೂಮಿ. ವಿಮಾನ ಅದರ ಮೇಲೆ ಹಾರಲಾರದು ಎಂದೇನಲ್ಲ. ಹನ್ನೊಂದು ಸಾವಿರ ಮೀಟರ್ ಎತ್ತರದಲ್ಲಿ ಸಾಗುವ ವಿಮಾನಕ್ಕೆ ಐದು ಸಾವಿರ ಮೀಟರಿನ ನೆಲ ತೊಂದರೆ ಕೊಡುವುದಿಲ್ಲ. ತೊಂದರೆ ಇರುವುದು ಆಕಸ್ಮಿಕ ಸಂದರ್ಭದಲ್ಲಿ. ಕ್ಯಾಬಿನ್ನಿನ ಗಾಳಿಯ ಒತ್ತಡ ಕುಸಿದರೆ ಪೈಲಟ್‌ಗಳು ವಿಮಾನವನ್ನು ಕೂಡಲೇ ಹತ್ತು ಸಾವಿರ ಅಡಿ, ಅಂದರೆ ಸುಮಾರು 3,050 ಮೀಟರ್ ಎತ್ತರಕ್ಕೆ ಇಳಿಸಬೇಕು, ಏಕೆಂದರೆ ತಲೆಯ ಮೇಲಿಂದ ಬೀಳುವ ಮುಖವಾಡಗಳಲ್ಲಿ ಸಾಮಾನ್ಯವಾಗಿ ಕಾಲು ಗಂಟೆಯ ಆಸುಪಾಸು ಸಾಕಾಗುವಷ್ಟೇ ಆಮ್ಲಜನಕ ಇರುತ್ತದೆ. ಟಿಬೆಟ್ಟಿನಲ್ಲಿ ನೆಲದ ಸರಾಸರಿ ಎತ್ತರವೇ 4,500 ಮೀಟರಿಗಿಂತ ಹೆಚ್ಚು. ಇಳಿಯಲು ಜಾಗವೇ ಇಲ್ಲದ ಕಡೆ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಹಾರುವ ಯೋಜನೆಯನ್ನು ಯಾವ ಸಂಸ್ಥೆಯೂ ಸುಲಭವಾಗಿ ಒಪ್ಪಿಕೊಳ್ಳುವುದಿಲ್ಲ. ಹೀಗಾಗಿ ಪೂರ್ವದ ದಾರಿ ಹಿಡಿದ ವಿಮಾನವು ಬಂಗಾಳ ಕೊಲ್ಲಿ, ಮ್ಯಾನ್ಮಾರ್, ಚೀನಾ, ಜಪಾನ್ ಕಡೆಯಿಂದ ಹಾದು ಪೆಸಿಫಿಕ್ ದಾಟುತ್ತದೆ.

ಎರಡನೆಯ ಅಡ್ಡಿ ರಾಜಕೀಯದ್ದು. 2022ರ ಯುಕ್ರೇನ್ ಯುದ್ಧದ ನಂತರ ಅಮೆರಿಕ ಮತ್ತು ಯುರೋಪಿನ ವಿಮಾನಗಳಿಗೆ ರಷ್ಯದ ಆಕಾಶ ಮುಚ್ಚಿತು, ಭಾರತದ ವಿಮಾನಗಳಿಗೆ ಮುಚ್ಚಲಿಲ್ಲ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನವು ಭಾರತದ ವಿಮಾನಗಳಿಗೆ ತನ್ನ ಆಕಾಶವನ್ನು ಮುಚ್ಚಿತು, ವಿದೇಶಿ ಸಂಸ್ಥೆಗಳಿಗೆ ಮುಚ್ಚಲಿಲ್ಲ. ಅಂದರೆ ಒಂದೇ ದಿನ ಒಂದೇ ಊರಿಂದ ಹೊರಟ ಎರಡು ವಿಮಾನಗಳಿಗೆ ಬಾಲದ ಮೇಲಿನ ಬಣ್ಣ ನೋಡಿ ಬೇರೆಬೇರೆ ದೂರ ಬೀಳುತ್ತದೆ.

ಗಾಳಿ_ಗಣಕ

ಈಗ ಎರಡನೆಯ ಸಂಖ್ಯೆ, ಅಂದರೆ ವೇಗ. ಈ ಇಡೀ ಚರ್ಚೆಯ ಗಂಟು ಇರುವುದು ಇಲ್ಲಿ ಎಂದು ನನ್ನ ಅಭಿಪ್ರಾಯ.

ಗಂಟೆಗೆ 900 ಕಿ.ಮೀ. ಎಂಬುದು ವಿಮಾನವು ತನ್ನ ಸುತ್ತಲಿನ ಗಾಳಿಗೆ ಹೋಲಿಸಿದರೆ ಸಾಗುವ ವೇಗ. ಆ ಗಾಳಿಯೇ ಪಶ್ಚಿಮದಿಂದ ಪೂರ್ವಕ್ಕೆ ಗಂಟೆಗೆ 150 ಕಿ.ಮೀ. ವೇಗದಲ್ಲಿ ಹರಿಯುತ್ತಿದ್ದರೆ, ಪೂರ್ವಕ್ಕೆ ಹೋಗುವ ವಿಮಾನ ನೆಲದ ಲೆಕ್ಕದಲ್ಲಿ 1,050 ಓಡುತ್ತದೆ, ಪಶ್ಚಿಮಕ್ಕೆ ಬರುವುದು 750ಕ್ಕೆ ಇಳಿಯುತ್ತದೆ. ಜಪಾನಿನ ಮೇಲಿಂದ ಉತ್ತರ ಪೆಸಿಫಿಕ್‌ನತ್ತ ಹರಿಯುವ ಜೆಟ್ ಸ್ಟ್ರೀಮ್ ಎಂಬ ಎತ್ತರದ ಗಾಳಿಯ ಹೊನಲು ಚಳಿಗಾಲದಲ್ಲಿ ಗಂಟೆಗೆ 300 ಕಿ.ಮೀ. ದಾಟುವುದೂ ಉಂಟು. ಆಸನದ ಬೆನ್ನಿನ ಪರದೆಯಲ್ಲಿ ನಕ್ಷೆ ಹಾಕಿಕೊಂಡು ಕುಳಿತರೆ ಇದನ್ನು ಕಣ್ಣಾರೆ ನೋಡಬಹುದು. ಹೊರಗಿನ ಉಷ್ಣತೆ ಸೊನ್ನೆಗಿಂತ 56 ಡಿಗ್ರಿ ಕೆಳಗೆ ಎಂದು ತೋರಿಸುವ ಸಾಲಿನ ಕೆಳಗೇ ನೆಲದ ವೇಗದ ಅಂಕಿ ಇರುತ್ತದೆ. ಜಪಾನ್ ದಾಟುತ್ತಿದ್ದಂತೆ ಆ ಅಂಕಿ 1,100ರ ಆಚೆಗೆ ಏರಿದ್ದನ್ನೂ, ಹಿಂದಿರುಗುವಾಗ ಅದೇ ಸಮುದ್ರದ ಮೇಲೆ 800ರ ಒಳಗೇ ಗಂಟೆಗಟ್ಟಲೆ ನಿಂತಿದ್ದನ್ನೂ ನಾನು ನೋಡಿದ್ದೇನೆ. ಇಂಜಿನ್ನಿನ ಸದ್ದಿನಲ್ಲಿ ಮಾತ್ರ ಒಂದಿಷ್ಟೂ ವ್ಯತ್ಯಾಸ ಇರುವುದಿಲ್ಲ.

ಇದಕ್ಕೆ ಎಲ್ಲಕ್ಕಿಂತ ಚೆನ್ನಾದ ಉದಾಹರಣೆ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೋ ಮಾರ್ಗ. ಏರ್ ಇಂಡಿಯಾ 2015ರ ಡಿಸೆಂಬರಿನಲ್ಲಿ ಆ ಸೇವೆ ಆರಂಭಿಸಿದಾಗ ವಿಮಾನ ಅಟ್ಲಾಂಟಿಕ್ ಕಡೆಯಿಂದ ಹೋಗುತ್ತಿತ್ತು. 2016ರ ಅಕ್ಟೋಬರಿನಲ್ಲಿ ಅದನ್ನು ಪೆಸಿಫಿಕ್ ಕಡೆಗೆ ತಿರುಗಿಸಿದರು. ಹೊಸ ದಾರಿ ಸುಮಾರು 15,300 ಕಿ.ಮೀ., ಹಳೆಯದಕ್ಕಿಂತ ಸಾವಿರದ ನಾನೂರು ಕಿ.ಮೀ. ಉದ್ದ. ಆದರೂ ಹದಿನಾಲ್ಕೂವರೆ ಗಂಟೆಯಲ್ಲಿ ತಲುಪಿತು. ಮೊದಲಿಗಿಂತ ಎರಡು ಗಂಟೆಯಷ್ಟು ಬೇಗ. ಹೆಚ್ಚು ದೂರ, ಕಡಿಮೆ ಸಮಯ, ಕಡಿಮೆ ಇಂಧನ. ಕಿಲೋಮೀಟರ್ ನೋಡಿ ಗಂಟೆ ಊಹಿಸುವವರಿಗೆ ಇದೊಂದೇ ಸಾಕು.

ಪ್ರಶ್ನೆ_ಪರಮೇಶಿ

ಭೂಮಿಯೇ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತಿದೆಯಲ್ಲ, ಹಾಗಾದರೆ ಪಶ್ಚಿಮಕ್ಕೆ ಹಾರುವ ವಿಮಾನಕ್ಕೆ ಊರು ತಾನಾಗಿ ಎದುರು ಬಂದು ಬೇಗ ತಲುಪಬೇಕಲ್ಲವೇ? ಇಲ್ಲಿ ಎಲ್ಲರೂ ಅದಕ್ಕೆ ತದ್ವಿರುದ್ಧವಾದುದನ್ನು ಹೇಳುತ್ತಿದ್ದೀರಿ.

ಗಾಳಿ_ಗಣಕ

ವಾತಾವರಣವೂ ಭೂಮಿಯ ಜೊತೆಗೇ ತಿರುಗುತ್ತದೆ, ವಿಮಾನವೂ ಹೊರಡುವ ಮೊದಲೇ ಆ ಚಲನೆಯನ್ನು ಪಡೆದಿರುತ್ತದೆ. ಓಡುತ್ತಿರುವ ರೈಲಿನೊಳಗೆ ನಿಂತು ಕುಪ್ಪಳಿಸಿದವನು ಹಿಂದಿನ ಬೋಗಿಯಲ್ಲಿ ಬೀಳುವುದಿಲ್ಲವಷ್ಟೆ. ಆದರೆ ಪರೋಕ್ಷವಾಗಿ ತಿರುಗುವಿಕೆಯ ಪಾತ್ರ ದೊಡ್ಡದು: ಉಷ್ಣವಲಯದ ಬಿಸಿಗಾಳಿ ಧ್ರುವದ ಕಡೆಗೆ ಸರಿಯುವಾಗ ಭೂಮಿಯ ತಿರುಗುವಿಕೆಯಿಂದ ಪೂರ್ವಕ್ಕೆ ಬಾಗುತ್ತದೆ, ಮಧ್ಯ ಅಕ್ಷಾಂಶಗಳಲ್ಲಿ ಜೆಟ್ ಸ್ಟ್ರೀಮ್ ಹುಟ್ಟುವುದು ಅದರಿಂದಲೇ. ಚಳಿಗಾಲದಲ್ಲಿ ಉತ್ತರಕ್ಕೂ ದಕ್ಷಿಣಕ್ಕೂ ಉಷ್ಣತೆಯ ಅಂತರ ಹೆಚ್ಚುವುದರಿಂದ ಆ ಹೊನಲು ಇನ್ನಷ್ಟು ಬಿರುಸಾಗುತ್ತದೆ.

ಹೇಮಾವತಿ_ತೀರ

ತಂದೆಯವರು ಗ್ಲೋಬಿಗೆ ದಾರ ಸುತ್ತಿ ನೋಡಿದರು, ಒಪ್ಪಿಕೊಂಡರು. ಅವರ ಮುಂದಿನ ಪ್ರಶ್ನೆ ಇದು: ಹೋಗುವಾಗ ಗಾಳಿಯ ಲಾಭಕ್ಕಾಗಿ ಪೆಸಿಫಿಕ್ ಕಡೆಯಿಂದ ಹೋದರೆ, ಬರುವಾಗ ಅದೇ ಗಾಳಿಯನ್ನು ತಪ್ಪಿಸಿಕೊಳ್ಳುವುದು ಹೇಗೆ? ಉತ್ತರ ಧ್ರುವದ ಮೇಲೆ ಹಾರಿತು ಎಂಬ ಸುದ್ದಿಗೂ ಇದಕ್ಕೂ ಸಂಬಂಧವಿದೆಯೇ?

ಗೋಳದ_ಮೇಲೆ_ದಾರ

ಸಂಬಂಧವಿದೆ, ಲೆಕ್ಕವೂ ಸೊಗಸಾಗಿದೆ. ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವಕ್ಕೆ 52.4 ಡಿಗ್ರಿ, ಧ್ರುವದಿಂದ ಬೆಂಗಳೂರಿಗೆ 76.8 ಡಿಗ್ರಿ, ಒಟ್ಟು 129.2 ಡಿಗ್ರಿ, ಅಂದರೆ ಸುಮಾರು 14,370 ಕಿ.ಮೀ. ಅತಿ ಚಿಕ್ಕ ದಾರಿಗಿಂತ ನಾನೂರು ಕಿಲೋಮೀಟರಿಗೂ ಕಡಿಮೆ ಹೆಚ್ಚಳ. ಭೂಮಿಯ ನೆತ್ತಿಯನ್ನೇ ಮುಟ್ಟಿ ಬಂದರೂ ಬೆಂಗಳೂರಿನಿಂದ ಹೈದರಾಬಾದಿಗಿರುವ ದೂರದಷ್ಟೂ ಹೆಚ್ಚಾಗುವುದಿಲ್ಲ. ಧ್ರುವದ ಸುತ್ತಮುತ್ತ ಪೆಸಿಫಿಕ್‌ನಲ್ಲಿರುವಂಥ ಎದುರುಗಾಳಿಯೂ ಇರುವುದಿಲ್ಲ.

ಆದರೆ ಧ್ರುವದಿಂದ ನೇರವಾಗಿ 77.7 ಡಿಗ್ರಿ ರೇಖಾಂಶದ ಗುಂಟ ಇಳಿದರೆ ಟಿಯೆನ್ ಶಾನ್, ಕಾರಕೋರಂ ಪರ್ವತಗಳು ಎದುರಾಗುತ್ತವೆ. ಆದ್ದರಿಂದ ವಿಮಾನ ಪಶ್ಚಿಮಕ್ಕೆ ಬಾಗಿ ಬರಬೇಕು, ಜೊತೆಗೆ ಆ ದಿನ ತೆರೆದಿರುವ ಆಕಾಶ, ಅನುಮತಿ ಪಡೆದ ಮಾರ್ಗಗಳು ಎಲ್ಲ ಸೇರಿ ದೂರ ಹಿಗ್ಗುತ್ತದೆ. ನೀವು ಓದಿದ 16,000 ಕಿ.ಮೀ. ಎಂಬ ಅಂಕಿ ಈ ನಿಜವಾದ ಹಾರಾಟದ ದೂರಕ್ಕೆ ಸಂಬಂಧಿಸಿದ್ದು. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮೊದಲ ನೇರ ವಿಮಾನವನ್ನು ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದ, ಕಾಕ್‌ಪಿಟ್‌ನಲ್ಲಿ ಮಹಿಳೆಯರೇ ಇದ್ದ ತಂಡವು ಧ್ರುವದ ಮೇಲಿಂದ ಬೆಂಗಳೂರಿಗೆ ತಂದಾಗ ಪತ್ರಿಕೆಗಳು ಬರೆದದ್ದು ಇದೇ ಅಂಕಿಯನ್ನು. ಹೀಗೆ 13,990 ಮತ್ತು 16,000 ಎರಡೂ ಸರಿ. ಮೊದಲನೆಯದು ಊರುಗಳ ನಡುವಿನ ದೂರ, ಎರಡನೆಯದು ವಿಮಾನ ಕ್ರಮಿಸಿದ ದೂರ.

ದೇವನಹಳ್ಳಿ_ಬೇಲಿ_ಬದಿ

ಇದರ ಮೇಲೆ ಟಿಕೆಟ್ಟಿನಲ್ಲಿ ಬರೆಯುವ ಅವಧಿ ಹಾರಾಟದ ಅವಧಿಯಲ್ಲ ಎಂಬುದನ್ನೂ ಗಮನಿಸಬೇಕು. ವಿಮಾನ ನಿಂತ ಜಾಗದಿಂದ ಕದಲಿದ ಕ್ಷಣದಿಂದ ಹಿಡಿದು ಇನ್ನೊಂದು ಊರಿನಲ್ಲಿ ನಿಂತ ಕ್ಷಣದವರೆಗಿನ ಸಮಯ ಅದು. ರನ್‌ವೇವರೆಗೆ ತೆವಳುವುದು, ಸಾಲಿನಲ್ಲಿ ಕಾಯುವುದು, ಇಳಿದ ಮೇಲೆ ಗೇಟ್ ಸೇರುವುದು ಎಲ್ಲ ಅದರಲ್ಲೇ ಸೇರಿರುತ್ತವೆ. ಎದುರುಗಾಳಿ ಜೋರಾಗಿರುವ ದಿನಗಳಿಗೂ ಸಾಕಾಗುವಂತೆ ಸಂಸ್ಥೆಗಳು ಸ್ವಲ್ಪ ಸಡಿಲ ಬಿಟ್ಟಿರುತ್ತವೆ, ಹಾಗಾಗಿ ಗಾಳಿ ಒಲಿದ ದಿನ ಅರ್ಧ ಗಂಟೆ ಮೊದಲೇ ಇಳಿದು ಗೇಟ್ ಖಾಲಿಯಿಲ್ಲವೆಂದು ಕಾಯಿಸುವುದೂ ನಡೆಯುತ್ತದೆ.

ಬೆಂಗಳೂರಿಗೆ ಮಾತ್ರ ಸಂಬಂಧಿಸಿದ ಮತ್ತೊಂದು ಸೂಕ್ಷ್ಮವಿದೆ. ನಮ್ಮ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 915 ಮೀಟರ್ ಎತ್ತರದಲ್ಲಿದೆ. ಎತ್ತರದ ಗಾಳಿ ತೆಳು, ಮಧ್ಯಾಹ್ನದ ಬಿಸಿಗೆ ಇನ್ನೂ ತೆಳು. ರೆಕ್ಕೆಗೂ ಇಂಜಿನ್ನಿಗೂ ಬಲ ಕಡಿಮೆ ಸಿಗುತ್ತದೆ. ಹದಿನಾರು ಗಂಟೆಯ ಇಂಧನ ಹೊತ್ತ ವಿಮಾನ ಏಳಬೇಕಾದರೆ ನಾಲ್ಕು ಕಿಲೋಮೀಟರ್ ಉದ್ದದ ರನ್‌ವೇ ಇದ್ದರೂ ಕೆಲವೊಮ್ಮೆ ಸರಕನ್ನೋ ಕೆಲವು ಆಸನಗಳನ್ನೋ ಬಿಡಬೇಕಾಗುತ್ತದೆ. ಸಮುದ್ರದ ಪಕ್ಕದಲ್ಲೇ ಇರುವ ಸ್ಯಾನ್ ಫ್ರಾನ್ಸಿಸ್ಕೋ ನಿಲ್ದಾಣಕ್ಕೆ ಈ ಕಷ್ಟವಿಲ್ಲ.

ಪ್ರಶ್ನೆ_ಪರಮೇಶಿ

ಧ್ರುವದ ಮೇಲೆ ಇಂಜಿನ್ ಕೈಕೊಟ್ಟರೆ ಗತಿಯೇನು ಎಂಬುದನ್ನೂ ಯಾರಾದರೂ ಹೇಳಿ. ವಯಸ್ಸಾದವರನ್ನು ಕಳುಹಿಸುವವರಿಗೆ ಅದೇ ಮೊದಲ ಯೋಚನೆ.

ದೇವನಹಳ್ಳಿ_ಬೇಲಿ_ಬದಿ

ಎರಡು ಇಂಜಿನ್ನಿನ ವಿಮಾನ ಒಂದೇ ಇಂಜಿನ್ನಿನಲ್ಲಿ ನಿಗದಿತ ನಿಮಿಷಗಳೊಳಗೆ ತಲುಪಬಲ್ಲ ನಿಲ್ದಾಣ ಸದಾ ಇರುವಂತೆ ಮಾರ್ಗವನ್ನು ಮೊದಲೇ ಗೊತ್ತುಮಾಡಿರುತ್ತಾರೆ. ಇಂಧನ ಹೆಪ್ಪುಗಟ್ಟದಂತೆ ಅದರ ಉಷ್ಣತೆಯ ಮೇಲೆ ಕಣ್ಣಿಡುತ್ತಾರೆ, ಸೌರ ಬಿರುಗಾಳಿ ಎದ್ದ ದಿನ ಧ್ರುವದ ದಾರಿಯನ್ನು ಕೈಬಿಡುತ್ತಾರೆ. ಈ ವ್ಯವಸ್ಥೆ ಕಾಗದದ ಮೇಲಷ್ಟೇ ಇರುವುದಲ್ಲ. 2023ರ ಜೂನ್‌ನಲ್ಲಿ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟಿದ್ದ ವಿಮಾನ ಇಂಜಿನ್ ತೊಂದರೆಯಿಂದ ರಷ್ಯದ ಪೂರ್ವ ತುದಿಯ ಮಗದಾನ್‌ನಲ್ಲಿ ಕ್ಷೇಮವಾಗಿ ಇಳಿಯಿತು. ಪ್ರಯಾಣಿಕರು ಮಾತ್ರ ಬದಲಿ ವಿಮಾನ ಬರುವವರೆಗೆ ಆ ಪುಟ್ಟ ಊರಿನಲ್ಲಿ ಇಕ್ಕಟ್ಟಿನ ವಸತಿಯಲ್ಲಿ ಕಾಯಬೇಕಾಯಿತು. ಜೀವಕ್ಕೆ ಭಯಪಡುವುದಕ್ಕಿಂತ ಎರಡು ದಿನದ ಔಷಧಿಯನ್ನು ಕೈಚೀಲದಲ್ಲೇ ಇಟ್ಟುಕೊಳ್ಳುವುದು ಜಾಣತನ.

ಮಿಲ್ಪಿಟಾಸ್_ಮಲ್ಲಿಗೆ

ಇಲ್ಲಿಯವರೆಗೆ ನೇರ ವಿಮಾನದ ಮಾತಷ್ಟೇ ಆಯಿತು. ಆ ಸೇವೆ ನಡುವೆ ನಿಂತು ಮತ್ತೆ ಶುರುವಾದ ಚರಿತ್ರೆ ಇದೆ, ಇಂಥ ದೂರದ ಮಾರ್ಗಗಳನ್ನು ಸಂಸ್ಥೆಗಳು ಆಗಾಗ ಬದಲಿಸುತ್ತಲೇ ಇರುತ್ತವೆ. ಆದ್ದರಿಂದ ಒಂದು ಕಡೆ ಇಳಿದು ಹತ್ತುವ ದಾರಿಗಳನ್ನೂ ತೂಗಿ ನೋಡಬೇಕು. ಕ್ಯಾಲಿಫೋರ್ನಿಯದ ನಮ್ಮ ಕಡೆಯ ಕನ್ನಡದ ಮನೆಗಳಲ್ಲಿ ಅಪ್ಪ ಅಮ್ಮ ಬರುವ ಕಾಲಕ್ಕೆ ಪ್ರತಿ ವರ್ಷ ನಡೆಯುವ ಚರ್ಚೆ ಇದು.

ದೂರದ ಲೆಕ್ಕದಲ್ಲಿ ದೆಹಲಿ ಎಲ್ಲಕ್ಕಿಂತ ಅಗ್ಗ. ಬೆಂಗಳೂರು–ದೆಹಲಿ ಸುಮಾರು 1,710 ಕಿ.ಮೀ., ದೆಹಲಿ–ಸ್ಯಾನ್ ಫ್ರಾನ್ಸಿಸ್ಕೋ 12,380, ಒಟ್ಟು 14,090. ನೇರ ದೂರಕ್ಕಿಂತ ನೂರು ಕಿಲೋಮೀಟರ್ ಮಾತ್ರ ಹೆಚ್ಚು, ಅಂದರೆ ದೆಹಲಿ ದಾರಿಯಲ್ಲೇ ಸಿಗುವ ಊರು. ಟೋಕಿಯೋ ಮೂಲಕ ಹೋದರೆ ಸುಮಾರು 14,930, ಹಾಂಗ್‌ಕಾಂಗ್ ಮೂಲಕ 15,050ರ ಸುತ್ತಮುತ್ತ. ದುಬೈ ಮೂಲಕ 15,700 ದಾಟುತ್ತದೆ. ಫ್ರಾಂಕ್‌ಫರ್ಟ್ ಮೂಲಕವಾದರೆ 16,500ಕ್ಕೂ ಮೇಲೆ. ಇವೆಲ್ಲ ಗೋಳದ ಮೇಲಿನ ಕನಿಷ್ಠ ದೂರಗಳು, ವಾಸ್ತವದಲ್ಲಿ ಪ್ರತಿಯೊಂದಕ್ಕೂ ಇನ್ನಷ್ಟು ಸೇರುತ್ತದೆ.

ಆದರೆ ಅಪ್ಪ ಅಮ್ಮನಿಗೆ ಟಿಕೆಟ್ ತೆಗೆಯುವಾಗ ನಾನು ಈ ಪಟ್ಟಿಯನ್ನು ಕೊನೆಗೆ ನೋಡುತ್ತೇನೆ. ಅತಿ ಉದ್ದದ ಮಾರ್ಗಕ್ಕೂ ಅತಿ ಚಿಕ್ಕದಕ್ಕೂ ಇರುವ ಅಂತರ ಎರಡೂವರೆ ಸಾವಿರ ಕಿ.ಮೀ., ಅಂದರೆ ಹಾರಾಟದಲ್ಲಿ ಮೂರು ಗಂಟೆ. ನಡುವಿನ ನಿಲ್ದಾಣದಲ್ಲಿ ಕಾಯುವ ಅವಧಿಯಾದರೆ ಒಂದೂವರೆ ಗಂಟೆಯೂ ಆಗಬಹುದು, ಹನ್ನೊಂದು ಗಂಟೆಯೂ ಆಗಬಹುದು. ಒಂದೂವರೆ ಗಂಟೆ ಎಂದು ಹಿಗ್ಗಬೇಡಿ: ಮೊದಲ ವಿಮಾನ ನಲವತ್ತು ನಿಮಿಷ ತಡವಾದರೆ, ಮಂಡಿನೋವಿನ ಅಮ್ಮ ಟರ್ಮಿನಲ್ ಬದಲಿಸಿ, ಮತ್ತೊಮ್ಮೆ ಭದ್ರತಾ ತಪಾಸಣೆ ಮುಗಿಸಿ ಗೇಟ್ ಸೇರುವಷ್ಟರಲ್ಲಿ ಬಾಗಿಲು ಮುಚ್ಚಿರುತ್ತದೆ. ಮೂರರಿಂದ ನಾಲ್ಕು ಗಂಟೆಯ ಬಿಡುವು ಇರುವ ಟಿಕೆಟ್ಟು, ಗಾಲಿಕುರ್ಚಿಯ ಕೋರಿಕೆ, ಎರಡೂ ವಿಮಾನಗಳು ಒಂದೇ ಟಿಕೆಟ್ಟಿನಲ್ಲಿರುವುದು: ಇವು ಮೂರು ಸರಿಯಿದ್ದರೆ ದುಬೈ ಆದರೇನು, ಟೋಕಿಯೋ ಆದರೇನು. ಎರಡು ಪ್ರತ್ಯೇಕ ಟಿಕೆಟ್ ತೆಗೆದು ಹಣ ಉಳಿಸುವುದನ್ನು ಮಾತ್ರ ನಾನು ಯಾರಿಗೂ ಹೇಳುವುದಿಲ್ಲ. ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಹೊಣೆ ಹೊರುವವರು ಯಾರೂ ಇರುವುದಿಲ್ಲ.

ಹಾಸನದವರಿಗೆ ಇನ್ನೊಂದು ಮಾತು. ಹಾಸನದಿಂದ ದೇವನಹಳ್ಳಿಗೆ ನಾಲ್ಕೈದು ಗಂಟೆ, ಅಂತರರಾಷ್ಟ್ರೀಯ ವಿಮಾನಕ್ಕೆ ಮೂರು ಗಂಟೆ ಮೊದಲು, ಅಲ್ಲಿ ಇಳಿದ ಮೇಲೆ ಇಮಿಗ್ರೇಷನ್ ಮತ್ತು ಸಾಮಾನಿಗೆ ಒಂದೆರಡು ಗಂಟೆ. ಹದಿನಾರು ಗಂಟೆಯ ಪ್ರಯಾಣ ಎಂದು ಹೇಳಿಕೊಂಡರೂ ಮನೆಯ ಬಾಗಿಲಿನಿಂದ ಬಾಗಿಲಿಗೆ ಇಪ್ಪತ್ತೈದು ಗಂಟೆಗೆ ಸಿದ್ಧರಾಗಿ.

ಹೇಮಾವತಿ_ತೀರ

ಬಹಳ ಉಪಕಾರವಾಯಿತು. ಕೊನೆಯ ಗೊಂದಲ ದಿನಾಂಕದ್ದು. ಶನಿವಾರ ಮಧ್ಯಾಹ್ನ ಎರಡೂವರೆಗೆ ಹೊರಟ ವಿಮಾನ ಶನಿವಾರ ಸಂಜೆ ಐದಕ್ಕೇ ತಲುಪುತ್ತದೆ ಎಂದಿದೆ. ತಾಯಿಯವರು ಏಕಾದಶಿ ಆಚರಿಸುವವರು, ಯಾವ ದಿನ ಉಪವಾಸ ಎಂದು ಕೇಳುತ್ತಿದ್ದಾರೆ.

ಮಿಲ್ಪಿಟಾಸ್_ಮಲ್ಲಿಗೆ

ಗಡಿಯಾರದ ಲೆಕ್ಕ ಸುಲಭ. ನವೆಂಬರ್ ಮೊದಲ ಭಾನುವಾರದಿಂದ ಮಾರ್ಚ್ ಎರಡನೆಯ ಭಾನುವಾರದವರೆಗೆ ಕ್ಯಾಲಿಫೋರ್ನಿಯ ಭಾರತಕ್ಕಿಂತ ಹದಿಮೂರೂವರೆ ಗಂಟೆ ಹಿಂದೆ, ಉಳಿದ ಕಾಲದಲ್ಲಿ ಹನ್ನೆರಡೂವರೆ ಗಂಟೆ ಹಿಂದೆ. ಶನಿವಾರ ಮಧ್ಯಾಹ್ನ ಎರಡೂವರೆಗೆ ಹದಿನಾರು ಗಂಟೆ ಕೂಡಿಸಿದರೆ ಭಾರತದ ಭಾನುವಾರ ಬೆಳಗಿನ ಆರೂವರೆ. ಅದರಿಂದ ಹದಿಮೂರೂವರೆ ಕಳೆದರೆ ಶನಿವಾರ ಸಂಜೆ ಐದು. ಪೂರ್ವಕ್ಕೆ ಹಾರುವುದರಿಂದ ಕತ್ತಲು ಬೇಗ ಕವಿಯುತ್ತದೆ, ಬೇಗ ಹರಿಯುತ್ತದೆ, ನಡುವೆ ದಿನಾಂಕ ರೇಖೆ ದಾಟಿದ್ದರಿಂದ ಕಿಟಕಿಯಲ್ಲಿ ಎರಡನೆಯ ಸಲ ಶನಿವಾರದ ಬೆಳಗಾಗುತ್ತದೆ. ಅಟ್ಲಾಂಟಿಕ್ ಕಡೆಯಿಂದ ಹೋಗಿ ರೇಖೆಯನ್ನು ದಾಟದಿದ್ದರೂ ಇಳಿದಾಗ ಗಡಿಯಾರದ ಲೆಕ್ಕ ಇದೇ.

ಬರುವಾಗ ಆ ಸಾಲ ತೀರಿಸಬೇಕು. 2021ರ ಆ ಮೊದಲ ವಿಮಾನದ ವೇಳಾಪಟ್ಟಿಯನ್ನೇ ನೋಡಿ: ಜನವರಿ 9ರ ಶನಿವಾರ ರಾತ್ರಿ ಎಂಟೂವರೆಗೆ ಹೊರಟು ಜನವರಿ 11ರ ಸೋಮವಾರ ನಸುಕಿನ ಮೂರೂ ಮುಕ್ಕಾಲಕ್ಕೆ ಬೆಂಗಳೂರು. ಹದಿನೇಳು ಮುಕ್ಕಾಲು ಗಂಟೆಯ ಹಾದಿಯಲ್ಲಿ ಭಾನುವಾರ ಪೂರ್ತಿ ಆಕಾಶದಲ್ಲೇ ಕಳೆದುಹೋಗುತ್ತದೆ.

ಏಕಾದಶಿಯ ವಿಷಯಕ್ಕೆ ಬಂದರೆ, ತಿಥಿ ಬದಲಾಗುವ ಕ್ಷಣ ಇಡೀ ಭೂಮಿಗೆ ಒಂದೇ, ಆದರೆ ಆಚರಣೆಯ ದಿನವನ್ನು ಆಯಾ ಊರಿನ ಸೂರ್ಯೋದಯ ನೋಡಿ ನಿರ್ಣಯಿಸುತ್ತಾರೆ. ಹೀಗಾಗಿ ಇಲ್ಲಿ ಕ್ಯಾಲಿಫೋರ್ನಿಯದಲ್ಲಿ ಏಕಾದಶಿಯ ದಿನಾಂಕ ಒಮ್ಮೊಮ್ಮೆ ಊರಿನದಕ್ಕಿಂತ ಒಂದು ದಿನ ಮೊದಲು ಬೀಳುತ್ತದೆ. ಇಲ್ಲಿಯ ಊರುಗಳಿಗೆಂದೇ ಗುಣಿಸಿದ ಪಂಚಾಂಗಗಳು ಸಿಗುತ್ತವೆ, ತಂಗಿಯವರಿಗೆ ತರಿಸಿಡಲು ಹೇಳಿ. ಪ್ರಯಾಣದ ದಿನವೇ ಬಿದ್ದರೆ ಏನು ಮಾಡಬೇಕೆಂದು ನಿಮ್ಮ ಮನೆಯ ಪುರೋಹಿತರನ್ನು ಕೇಳುವುದು ಒಳ್ಳೆಯದು. ವಿಮಾನದಲ್ಲಿ ಹಣ್ಣಿನ ಊಟವನ್ನು ಮುಂಗಡವಾಗಿ ಹೇಳಿಡುವ ಅವಕಾಶ ಬಹಳಷ್ಟು ಸಂಸ್ಥೆಗಳಲ್ಲಿದೆ, ಆದರೆ ಹೊರಡುವುದಕ್ಕೆ ಕನಿಷ್ಠ ಒಂದು ದಿನ ಮೊದಲೇ ತಿಳಿಸಬೇಕು.